ಪಾಳುಗಣಿ ತಪಾಸಣೆ: ಹಾಸನ ಜಿಲ್ಲೆಯ ಕ್ರೋಮೈಟ್ ಮತ್ತು ಕಲ್ನಾರು ನೆಲ

ಪಾಳುಗಣಿ ತಪಾಸಣೆ ಎಂದರೆ, ಕೆಲಸ ನಿಂತು ಹೇಳುವವರು ಕೇಳುವವರು ಇಲ್ಲದೆ ಬಿದ್ದಿರುವ ಗಣಿಗೆ ಹೋಗಿ, ಅಲ್ಲಿಂದ ಹೊರಬೀಳುವ ನೀರು, ಸುರಿದು ಬಿಟ್ಟ ಕಲ್ಲುಮಣ್ಣು, ತೆರೆದೇ ಉಳಿದ ಗುಂಡಿ ಮತ್ತು ಬಾವಿಗಳನ್ನು ಪರೀಕ್ಷಿಸಿ, ಪರಿಸರ ಕಾನೂನುಗಳ ಉಲ್ಲಂಘನೆ ಆಗಿದೆಯೇ ಇಲ್ಲವೇ ಎಂಬುದನ್ನು ದಾಖಲೆ ಸಮೇತ ನಿರ್ಣಯಿಸುವ ಕ್ರಮ. ಗಣಿಯ ಗುಂಡಿ, ಸುರಂಗ ಅಥವಾ ತ್ಯಾಜ್ಯದ ಮೂಲಕ ಹಾದು ಹಳ್ಳ, ಕೆರೆ, ಬಾವಿ ಸೇರುವ ನೀರೆಲ್ಲವನ್ನೂ ಈ ಲೇಖನದಲ್ಲಿ ‘ಬಸಿನೀರು’ ಎಂದು ಕರೆದಿದೆ. ಅದಿರು ತೆಗೆಯುವಾಗ ಬದಿಗೆ ಸುರಿದ ಕಲ್ಲುಮಣ್ಣಿನ ರಾಶಿ ‘ತ್ಯಾಜ್ಯ ದಿಬ್ಬ’. ಕ್ರೋಮಿಯಂ ಲೋಹದ ಎರಡು ರೂಪಗಳಲ್ಲಿ ನೀರಿನಲ್ಲಿ ಅಷ್ಟಾಗಿ ಕರಗದ, ವಿಷ ಕಡಿಮೆ ಇರುವ ರೂಪ ‘ಕ್ರೋಮಿಯಂ-3’. ಸುಲಭವಾಗಿ ಕರಗಿ ನೀರಿನೊಡನೆ ಹರಿಯುವ ವಿಷರೂಪ ‘ಕ್ರೋಮಿಯಂ-6’.

ಕಲ್ಲಿದ್ದಲಿನಿಂದ ಬಂದ ಪದ್ಧತಿ

ಪಾಳುಗಣಿಯ ನೀರನ್ನು ಪರೀಕ್ಷಿಸುವ ವಿದ್ಯೆ ಬಹುಮಟ್ಟಿಗೆ ಬೆಳೆದದ್ದು ಕಲ್ಲಿದ್ದಲು ನಾಡುಗಳಲ್ಲಿ. ಕಲ್ಲಿದ್ದಲಿನ ಪದರಗಳ ನಡುವೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ಗಣಿ ತೋಡಿದ ಮೇಲೆ ಗಾಳಿ, ನೀರು ತಾಗಿ ಅದು ಗಂಧಕಾಮ್ಲವಾಗುತ್ತದೆ. ಆಮ್ಲದ ನೀರು ಹಳ್ಳಕ್ಕೆ ಇಳಿದಾಗ ಅದರಲ್ಲಿದ್ದ ಕಬ್ಬಿಣ ತುಕ್ಕಿನ ಬಣ್ಣದಲ್ಲಿ ತಳದ ಕಲ್ಲುಗಳಿಗೆ ಮೆತ್ತಿಕೊಳ್ಳುತ್ತದೆ. ಮೇಘಾಲಯದ ಜೈಂತಿಯಾ ಗುಡ್ಡಗಳ ಹಳ್ಳಗಳು ಹೀಗೆಯೇ ಹಾಳಾದವು. ಅಲ್ಲಿನ ಇಲಿಬಿಲದಂಥ ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಹಳೆಯ ಗಣಿಯ ಒಡಲಲ್ಲಿ ನಿಂತ ನೀರು ಪಕ್ಕದ ಗಣಿಗೆ ನುಗ್ಗುವ ಅಪಾಯವೂ ಕಲ್ಲಿದ್ದಲು ಕಲಿಸಿದ ಪಾಠವೇ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್‌ನಾಲಾದಲ್ಲಿ ಹೀಗೆ ನುಗ್ಗಿದ ನೀರು 375 ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಈ ಅನುಭವದಿಂದಾಗಿ ತಪಾಸಣೆ ಎಂದ ಕೂಡಲೇ ನೀರು ಕೆಂಪಾಗಿದೆಯೇ, ಹುಳಿಯಾಗಿದೆಯೇ, ಪಿಎಚ್ ಎಷ್ಟು ಇಳಿದಿದೆ ಎಂಬ ಪ್ರಶ್ನೆಗಳೇ ಮುಂದೆ ಬರುತ್ತವೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೂ ಕಲ್ಲಿದ್ದಲು ಹೊರ ರಾಜ್ಯದಿಂದ ರೈಲಿನಲ್ಲೇ ಬರಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ನೆಲದಲ್ಲಿರುವುದು ಕ್ರೋಮೈಟ್, ಕಲ್ನಾರು, ಬಳಪದ ಕಲ್ಲು, ವನೇಡಿಯಂ ಬೆರೆತ ಟೈಟಾನಿಯಂ-ಕಬ್ಬಿಣದ ಅದಿರು ಮತ್ತು ಕಯನೈಟ್. ಇವುಗಳ ಪೈಕಿ ಕ್ರೋಮೈಟ್ ನೆಲದ ಬಸಿನೀರು ಕಲ್ಲಿದ್ದಲಿನ ಬಸಿನೀರಿಗೆ ಎಲ್ಲ ಬಗೆಯಲ್ಲೂ ತದ್ವಿರುದ್ಧ: ಅದು ಹುಳಿಯಲ್ಲ, ಕ್ಷಾರ, ಕೆಂಪಲ್ಲ, ತಿಳಿ. ಕಲ್ಲಿದ್ದಲಿನ ಕಣ್ಣಿನಿಂದ ನೋಡಿದರೆ ಈ ನೀರು ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಆದ್ದರಿಂದ ಹಾಸನ ಸೀಮೆಯಲ್ಲಿ ತಪಾಸಣೆ ಕಲ್ಲಿನಿಂದ ಶುರುವಾಗಬೇಕು, ನೀರಿನ ಬಣ್ಣದಿಂದಲ್ಲ ಎಂಬುದು ಮುಂದಿನ ವಿವರಗಳೆಲ್ಲದರ ಆಧಾರ.

ನೆಲ ಮತ್ತು ಕಲ್ಲು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಹೆಸರು ಹೊತ್ತ ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ ಸುಮಾರು 60 ಕಿ.ಮೀ. ಉದ್ದವಿದ್ದರೂ ಅಗಲ ಹೆಚ್ಚೆಂದರೆ 2 ಕಿ.ಮೀ. ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಚಾಚಿರುವ ಈ ಪಟ್ಟಿಯನ್ನು ಭೂವಿಜ್ಞಾನಿಗಳು ಸರಗೂರು ಗುಂಪಿಗೆ ಸೇರಿಸುತ್ತಾರೆ. ಅದರ ವಯಸ್ಸು 300 ಕೋಟಿ ವರ್ಷಕ್ಕೂ ಮಿಗಿಲು. ಭೂಮಿಯ ಆಳದಿಂದ ಬಂದ ಮೆಗ್ನೀಸಿಯಂಭರಿತ ಶಿಲೆ ನೀರು ಕುಡಿದು ಸರ್ಪೆಂಟಿನೈಟ್ ಆಗಿ ಮಾರ್ಪಟ್ಟಿದೆ. ಅದರ ಒಳಗೆ ಮಸೂರದ ಕಾಳಿನಂತೆ, ನಡುವೆ ದಪ್ಪಗಾಗಿ ಅಂಚಿಗೆ ತೆಳುವಾಗಿ, ಕ್ರೋಮೈಟ್ ಗಡ್ಡೆಗಳು ಹುದುಗಿವೆ. ತಗಡೂರು, ಭಕ್ತರಹಳ್ಳಿ, ಜಂಬೂರು, ಬೈರಾಪುರ ಈ ಅದಿರಿನಿಂದ ಹೆಸರಾದ ಊರುಗಳು. ಬೈರಾಪುರದಲ್ಲಿ ನೆಲದಡಿ ಗಣಿಯೂ ನಡೆದಿದೆ. ಹೊಯ್ಸಳರ ಕಾಲದಲ್ಲಿ, 1246ರಲ್ಲಿ, ಕಟ್ಟಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಬಳಪದ ಕಲ್ಲು ಕೂಡ ಮೆಗ್ನೀಸಿಯಂ ಶಿಲೆಗಳ ಬಳಗಕ್ಕೇ ಸೇರಿದ್ದು. ಉಳಿಗೆ ಬೆಣ್ಣೆಯಂತೆ ಒದಗಿದ ಕಲ್ಲಿನ ನೆಂಟರಲ್ಲೇ ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್ ತುಂಬಿವೆ.

ಹೊಳೆನರಸೀಪುರದ ಶಿಸ್ಟ್ ಪಟ್ಟಿ ಇದರ ನೆರೆಯದು. ನಕ್ಷೆಯಲ್ಲಿ ತ್ರಿಶೂಲದಂತೆ ಕವಲೊಡೆದು ಕಾಣುತ್ತದೆ. ಕಯನೈಟ್ ಬೆರೆತ ಶಿಸ್ಟ್, ಸರ್ಪೆಂಟಿನೈಟ್, ಅದರ ಬಿರುಕುಗಳಲ್ಲಿ ನೂಲಿನಂತೆ ಬೆಳೆದ ಕಲ್ನಾರು ಅಲ್ಲಿವೆ. ಹೇಮಾವತಿ ಹೊಳೆ ಈ ನೆಲದ ಮೇಲೇ ಹರಿಯುತ್ತದೆ. ಅಣೆಕಟ್ಟು ಇರುವ ಗೊರೂರಿನ ನೈಸ್ ಶಿಲೆ ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳಲ್ಲಿ ಒಂದು, ಸುಮಾರು 330 ಕೋಟಿ ವರ್ಷದ್ದು. ಅರಕಲಗೂಡಿನ ಬಹುಪಾಲು ನೈಸ್ ನೆಲ. ಅಲ್ಲಿ ಪರೀಕ್ಷೆಗೆ ಬರುವುದು ಹೆಚ್ಚಾಗಿ ಕಟ್ಟಡ ಕಲ್ಲಿನ ಕ್ವಾರಿಗಳು. ನೈಸ್ ಕ್ವಾರಿಯ ತೊಂದರೆ ದೂಳು, ಹೂಳು ಮತ್ತು ಬೇಲಿಯಿಲ್ಲದ ಗುಂಡಿ. ಕರಗುವ ವಿಷದ ಮಾತು ಅಲ್ಲಿ ಅಷ್ಟಾಗಿ ಬಾರದು. ಆದರೆ ತಾಲ್ಲೂಕಿನ ಎರಡು ಮಗ್ಗುಲಲ್ಲಿ ಕಾವೇರಿ, ಹೇಮಾವತಿ ಹರಿಯುವುದರಿಂದ ಕ್ವಾರಿಯ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಗಣಿಗಾರಿಕೆಯ ಹಿನ್ನೆಲೆ

ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆದ ಮೇಲೆ ಸಂಸ್ಥಾನದ ಖನಿಜಗಳ ಕ್ರಮಬದ್ಧ ಶೋಧ ನಡೆಯಿತು. 1898ರಲ್ಲಿ ಶಿವಮೊಗ್ಗ ಸೀಮೆಯಲ್ಲಿ ಕ್ರೋಮೈಟ್ ಗುರುತಿಸಲಾಯಿತು; ಮುಂದೆ ಮೈಸೂರು, ಹಾಸನ ಜಿಲ್ಲೆಗಳಲ್ಲೂ ಅದಿರು ತೋಡಿದರು. 1966ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಮೈಸೂರು ಮಿನರಲ್ಸ್ ಸಂಸ್ಥೆ (ಈಗ ಕರ್ನಾಟಕ ರಾಜ್ಯ ಖನಿಜ ನಿಗಮ) ಹಾಸನ ಜಿಲ್ಲೆಯ ಕ್ರೋಮೈಟ್ ಗಣಿಗಳನ್ನು ನಡೆಸಿತು. ತುಕ್ಕು ಹಿಡಿಯದ ಉಕ್ಕು, ಕುಲುಮೆಯ ಇಟ್ಟಿಗೆ, ಚರ್ಮ ಹದಮಾಡುವ ರಾಸಾಯನಿಕ ಇವುಗಳಿಗೆ ಈ ಅದಿರು ಬೇಕು. ಆದರೆ ದೇಶದ ಕ್ರೋಮೈಟ್ ಸಂಪತ್ತಿನ ಶೇ. 95ಕ್ಕೂ ಹೆಚ್ಚು ಪಾಲು ಒಡಿಶಾದಲ್ಲಿ, ಮುಖ್ಯವಾಗಿ ಸುಕಿಂದಾ ಕಣಿವೆಯಲ್ಲಿದೆ. ಹಾಸನದ ಗಡ್ಡೆಗಳು ಸಣ್ಣವು, ಚದುರಿದವು. ಒಂದು ಗಡ್ಡೆ ಮುಗಿದರೆ ಆ ಗುಂಡಿ ಬಿಟ್ಟು ಇನ್ನೊಂದು ತೋಡಬೇಕು. ಇಂಥ ನೆಲದಲ್ಲಿ ಒಂದು ದೊಡ್ಡ ಗಣಿಯ ಬದಲು ಹಲವು ಗುಂಡಿ, ಹಲವು ತ್ಯಾಜ್ಯ ದಿಬ್ಬಗಳು ಉಳಿಯುವುದು ಅದಿರಿನ ಸ್ವಭಾವದಿಂದಲೇ. ತಪಾಸಣೆಗೆ ಇದು ಮುಖ್ಯ, ಏಕೆಂದರೆ ಒಂದು ಗುಂಡಿಯ ನೀರು ಚೆನ್ನಾಗಿದ್ದರೆ ಪಕ್ಕದ ಗುಂಡಿಯದೂ ಚೆನ್ನಾಗಿರಬೇಕೆಂದಿಲ್ಲ.

ನೀರಿನ ಗುಣ

ಕ್ರೋಮೈಟ್‌ನಲ್ಲಿರುವ ಕ್ರೋಮಿಯಂ ಮೊದಲಿಗೆ ಕ್ರೋಮಿಯಂ-3 ರೂಪದ್ದು, ಕಲ್ಲಿನಲ್ಲಿ ಬಿಗಿಯಾಗಿ ಕೂತಿರುವಂಥದ್ದು. ಇದೇ ಕಾರಣಕ್ಕೆ ಕ್ರೋಮೈಟ್ ಗಣಿ ನಿರಪಾಯಕಾರಿ ಎಂದು ವಾದಿಸುವುದುಂಟು. ವಾದದಲ್ಲಿ ಅರ್ಧ ಸತ್ಯವಿದೆ. ಗಟ್ಟಿ ಕಲ್ಲಾಗಿ ನೆಲದಡಿ ಇರುವಾಗ ಅದು ಅಲುಗದು. ಸಿಡಿಮದ್ದು ಇಟ್ಟು ಒಡೆದು, ಪುಡಿಮಾಡಿ, ದಿಬ್ಬವಾಗಿ ಗಾಳಿಮಳೆಗೆ ಒಡ್ಡಿದಾಗ ಅದರ ಮೈ ಸಾವಿರಾರು ಪಟ್ಟು ಹೆಚ್ಚುತ್ತದೆ. ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡ್‌ಗಳು ಕ್ರೋಮಿಯಂ-3 ಅನ್ನು ನಿಧಾನವಾಗಿ ಕ್ರೋಮಿಯಂ-6 ಆಗಿ ಬದಲಿಸುತ್ತವೆ. ಸರ್ಪೆಂಟಿನೈಟ್ ತಾಗಿದ ನೀರು ಮೆಗ್ನೀಸಿಯಂ-ಬೈಕಾರ್ಬೊನೇಟಿನಿಂದ ತುಂಬಿ ಪಿಎಚ್ 8ರ ಸುತ್ತ ಅಥವಾ ಅದಕ್ಕಿಂತ ಮೇಲಿರುತ್ತದೆ. ಇಂಥ ಕ್ಷಾರದ ನೀರಿನಲ್ಲಿ ಕ್ರೋಮಿಯಂ-6 ಮಣ್ಣಿಗೆ ಅಂಟಿಕೊಳ್ಳದೆ ನೀರಿನೊಡನೆಯೇ ಸಾಗುತ್ತದೆ. ಕಲ್ಲಿದ್ದಲು ಗಣಿಯಲ್ಲಿ ಒಳ್ಳೆಯ ಲಕ್ಷಣ ಎನಿಸುವ ಕ್ಷಾರಗುಣ ಇಲ್ಲಿ ವಿಷಕ್ಕೆ ದಾರಿ ಮಾಡಿಕೊಡುತ್ತದೆ.

ಭಾರತೀಯ ಮಾನಕ ಐಎಸ್ 10500 (2012) ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಹೇಳುತ್ತದೆ. ಅಂದರೆ 20,000 ಲೀಟರ್ ನೀರಿಗೆ ಒಂದು ಗ್ರಾಂ. ಅಷ್ಟು ಪ್ರಮಾಣಕ್ಕೆ ನೀರಿನ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದು. ಕ್ರೋಮಿಯಂ-6 ಉಸಿರಿನೊಡನೆ ಒಳಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂಬುದು ದೃಢಪಟ್ಟಿದೆ. ನೀರಿನಲ್ಲಿ ಕುಡಿಸಿದಾಗ ಇಲಿಗಳಲ್ಲಿ ಬಾಯಿ ಮತ್ತು ಕರುಳಿನ ಗೆಡ್ಡೆಗಳು ಬಂದದ್ದನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2008ರಲ್ಲಿ ವರದಿ ಮಾಡಿದೆ. ಸುಕಿಂದಾದಲ್ಲಿ ಗಣಿಗಳ ನೀರು ದಾಮಸಾಲಾ ಹಳ್ಳದ ಮೂಲಕ ಬ್ರಾಹ್ಮಣಿ ನದಿಗೆ ಇಳಿಯುತ್ತಿದ್ದ ಕಾರಣಕ್ಕೆ 2007ರಲ್ಲಿ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಆ ಕಣಿವೆಯನ್ನು ಜಗತ್ತಿನ ಅತಿ ಮಲಿನ ತಾಣಗಳ ಪಟ್ಟಿಗೆ ಸೇರಿಸಿತು. ನುಗ್ಗೇಹಳ್ಳಿಯ ಗಣಿಗಾರಿಕೆ ಆ ಪ್ರಮಾಣದ್ದಲ್ಲ. ಕಲ್ಲು ಮತ್ತು ರಸಾಯನ ಮಾತ್ರ ಅದೇ ಬಗೆಯವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿ ಸುತ್ತಣ ಗಣಿ ಪ್ರದೇಶದ ಮಣ್ಣಿನಲ್ಲಿ ಭಾರಲೋಹಗಳ ಪ್ರಮಾಣವನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ.

ತಪಾಸಣೆಯ ಕ್ರಮ

ಮೊದಲ ಕೆಲಸ ಕಾಗದದ್ದು. ಗುತ್ತಿಗೆಯ ನಕಾಶೆ, ಸರ್ವೆ ನಂಬರ್, ಗಣಿ ಯೋಜನೆ, ಮುಚ್ಚುವ ಯೋಜನೆ, ಪರಿಸರ ಅನುಮತಿಯ ಷರತ್ತು, ನೆಲದಡಿ ಕೆಲಸವಾಗಿದ್ದರೆ ಸುರಂಗಗಳ ನಕ್ಷೆ ಇವನ್ನು ಸ್ಥಳಕ್ಕೆ ಹೋಗುವ ಮೊದಲೇ ನೋಡಿರಬೇಕು. ಸುರಂಗ ಯಾವ ಆಳದಲ್ಲಿ ಯಾವ ದಿಕ್ಕಿಗೆ ಹೋಗಿದೆ ಎಂದು ತಿಳಿಯದೆ, ಬಸಿನೀರು ಯಾವ ಬಾವಿಗೆ ಹೋದೀತು ಎಂದು ಊಹಿಸುವುದು ಸಾಧ್ಯವಿಲ್ಲ. ಸ್ಥಳದಲ್ಲಿ ಮೊದಲು ದಿಬ್ಬದ ಬುಡ ನೋಡಬೇಕು. ನಿಯಮದಂತೆ ಅಲ್ಲಿ ಕಲ್ಲಿನ ತಡೆಗೋಡೆ, ಅದರ ಹೊರಗೆ ಮಳೆನೀರು ದಿಬ್ಬಕ್ಕೆ ನುಗ್ಗದಂತೆ ಸುತ್ತುಗಾಲುವೆ, ಕಾಲುವೆಯ ಕೊನೆಗೆ ಹೂಳು ತಂಗುವ ಹೊಂಡ ಇರಬೇಕು. ಪಾಳುಬಿದ್ದಾಗ ಮೊದಲು ಕೈಕೊಡುವುದು ಈ ಹೊಂಡ. ಅದರಲ್ಲಿ ಹೂಳು ತುಂಬಿದ ಮೇಲೆ ನೀರು ಅಂಚು ಹಾರಿ, ಕೊರಕಲು ಮಾಡಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಕೊರಕಲಿನ ತಳದಲ್ಲಿ ಕಪ್ಪಗೆ, ಕೈಯಲ್ಲಿ ಹಿಡಿದರೆ ಮರಳಿಗಿಂತ ಭಾರವಾಗಿ ಸಿಗುವ ಕಾಳು ಕ್ರೋಮೈಟ್‌ನದು. ಆ ಕಪ್ಪು ಎಳೆ ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ದಿಬ್ಬದ ಮಣ್ಣು ಹೋಗಿದೆ ಎಂದೇ ಅರ್ಥ. ಯಂತ್ರವಿಲ್ಲದೆ ಸಿಗುವ ಇಷ್ಟು ಗಟ್ಟಿ ಸಾಕ್ಷ್ಯ ಇನ್ನೊಂದಿಲ್ಲ. ಕೆರೆಯ ಏರಿಯ ತನಕ ಅದನ್ನು ನಡೆದೇ ಹಿಂಬಾಲಿಸಬೇಕು.

ನೀರಿನ ಮಾದರಿ ತೆಗೆಯುವುದು ಎಲ್ಲಕ್ಕಿಂತ ನಾಜೂಕಿನ ಹಂತ. ಲೋಹಗಳ ಪರೀಕ್ಷೆಗೆ ಕಳಿಸುವ ನೀರಿಗೆ ನೈಟ್ರಿಕ್ ಆಮ್ಲ ಬೆರೆಸಿ ಪಿಎಚ್ 2ಕ್ಕಿಂತ ಕೆಳಗಿಳಿಸುವುದು ರೂಢಿ. ಕ್ರೋಮಿಯಂ-6 ಅಳೆಯಬೇಕಾದ ಬಾಟಲಿಗೂ ಕೈತಪ್ಪಿ ಅದೇ ಆಮ್ಲ ಹಾಕಿದರೆ, ನೀರಿನಲ್ಲಿರುವ ಜೈವಿಕ ಪದಾರ್ಥದ ಜೊತೆ ಸೇರಿ ಕ್ರೋಮಿಯಂ-6 ದಾರಿಯಲ್ಲೇ ಕ್ರೋಮಿಯಂ-3 ಆಗಿಬಿಡಬಹುದು. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ಆದ್ದರಿಂದ ಒಂದೇ ಜಾಗದಿಂದ ಎರಡು ಬಾಟಲಿ ಬೇಕು: ಒಂದು ಒಟ್ಟು ಕ್ರೋಮಿಯಂಗೆ, ಆಮ್ಲ ಹಾಕಿದ್ದು, ಇನ್ನೊಂದು ಕ್ರೋಮಿಯಂ-6ಕ್ಕೆ, ಸೋಸಿ, ಆಮ್ಲ ಹಾಕದೆ, ಮಂಜುಗಡ್ಡೆಯಲ್ಲಿ ತಣ್ಣಗಿಟ್ಟು, 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಿದ್ದು. ಪ್ರಯೋಗಾಲಯದಲ್ಲಿ ಡೈಫಿನೈಲ್ ಕಾರ್ಬಜೈಡ್ ಸೇರಿಸಿದಾಗ ಕ್ರೋಮಿಯಂ-6 ಇರುವ ನೀರು ಕೆನ್ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಗಾಢತೆಯಿಂದ ಪ್ರಮಾಣ ಅಳೆಯುತ್ತಾರೆ. ತಿಳಿನೀರು ತನ್ನ ಬಣ್ಣ ಬಿಟ್ಟುಕೊಡುವುದು ಆಗ ಮಾತ್ರ.

ಕಾಲವೂ ಅಷ್ಟೇ ಮುಖ್ಯ. ಚನ್ನರಾಯಪಟ್ಟಣದ ಕಡೆ ಬೇಸಿಗೆಯಲ್ಲಿ ಹಳ್ಳಗಳು ಒಣಗಿರುತ್ತವೆ. ಏಪ್ರಿಲ್‌ನಲ್ಲಿ ಬಂದ ತಪಾಸಣಾ ತಂಡ ಹರಿಯುವ ನೀರನ್ನೇ ಕಾಣದೆ ‘ಬಸಿನೀರು ಇಲ್ಲ’ ಎಂದು ಬರೆದರೆ ಅದು ಋತುವಿನ ವರದಿಯಾಯಿತೇ ಹೊರತು ಗಣಿಯದ್ದಲ್ಲ. ಬೇಸಿಗೆಯಲ್ಲಿ ನೋಡಬೇಕಾದದ್ದು ಗುಂಡಿಯಲ್ಲಿ ಇಂಗದೆ ಉಳಿದ ನೀರು: ಆವಿಯಾಗಿ ಅದರ ಲವಣಾಂಶ ಹೆಚ್ಚಿರುತ್ತದೆ, ತೆಂಗಿನ ತೋಟಕ್ಕೆ ಯಾರಾದರೂ ಪಂಪು ಇಳಿಸಿದ್ದಾರೆಯೇ, ದನಗಳು ಇಳಿದು ಕುಡಿದ ಗೊರಸಿನ ಗುರುತು ಇದೆಯೇ ಎಂಬುದೂ ಆಗಲೇ ಕಾಣುವುದು. ಮುಂಗಾರಿನ ಮೊದಲ ಜೋರು ಮಳೆ ದಿಬ್ಬದಲ್ಲಿ ತಿಂಗಳುಗಟ್ಟಲೆ ಶೇಖರವಾದದ್ದನ್ನು ಒಮ್ಮೆಗೆ ತೊಳೆದು ತರುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಮಳೆಯ ನಂತರ ಅಂತರ್ಜಲ ಮೇಲೇರಿ ಬಾವಿಗಳಲ್ಲಿ ಫಲಿತಾಂಶ ತೋರುತ್ತದೆ. ಹೀಗೆ ವರ್ಷಕ್ಕೆ ಮೂರು ಭೇಟಿ ಇಲ್ಲದೆ ತೀರ್ಮಾನ ಹೇಳುವಂತಿಲ್ಲ. ಆಳವಾದ ಗುಂಡಿಯಲ್ಲಿ ಮೇಲಿನ ನೀರು, ತಳದ ನೀರು ಬೇರೆಬೇರೆ ಇರುವುದರಿಂದ ಎರಡನ್ನೂ ತೆಗೆಯಬೇಕು.

ಕಲ್ನಾರಿನ ಜಾಗಗಳು

ಹೊಳೆನರಸೀಪುರದ ಸರ್ಪೆಂಟಿನೈಟ್‌ನಲ್ಲಿ ಸಿಗುವ ಕಲ್ನಾರಿನ ಅಪಾಯ ನೀರಿಗಿಂತ ಗಾಳಿಯದು. ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶದಲ್ಲಿ ಕೂತು, ರೋಗ ಹೊರಬೀಳಲು ಇಪ್ಪತ್ತು, ನಲವತ್ತು ವರ್ಷ ಹಿಡಿಯಬಹುದು. ಕೇಂದ್ರ ಸರ್ಕಾರ 1986ರಿಂದ ಹೊಸ ಕಲ್ನಾರು ಗಣಿ ಗುತ್ತಿಗೆ ಕೊಡುವುದನ್ನೂ 1993ರಿಂದ ಹಳೆಯವನ್ನು ನವೀಕರಿಸುವುದನ್ನೂ ನಿಲ್ಲಿಸಿತು. ಗುತ್ತಿಗೆ ನಿಂತರೂ ದಿಬ್ಬ ಅಲ್ಲೇ ಇರುತ್ತದೆ. ತಪಾಸಣೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ದಿಬ್ಬದ ಜಲ್ಲಿ, ಮಣ್ಣನ್ನು ರಸ್ತೆಗೋ ಮನೆಯ ತಳಪಾಯಕ್ಕೋ ಯಾರಾದರೂ ತುಂಬಿಕೊಂಡು ಹೋಗುತ್ತಿದ್ದಾರೆಯೇ? ಹೌದಾದರೆ ಒಂದು ಜಾಗದ ಅಪಾಯ ಊರೆಲ್ಲ ಹರಡಿದಂತೆ. ಹಿಡಿಯಷ್ಟು ಮಣ್ಣಿನ ಮಾದರಿಯನ್ನೂ ಒದ್ದೆ ಮಾಡಿಯೇ ತೆಗೆಯಬೇಕು.

ಕಾನೂನು ಮತ್ತು ಹೊಣೆ

ಒಂದೇ ಪಾಳುಗಣಿಗೆ ಹಲವು ಅಧಿಕಾರಿಗಳಿದ್ದಾರೆ. ಗಣಿ ಯೋಜನೆ ಮತ್ತು ಮುಚ್ಚುವಿಕೆಯ ಉಸ್ತುವಾರಿ 1948ರಲ್ಲಿ ಸ್ಥಾಪಿತವಾದ ಭಾರತೀಯ ಗಣಿ ಬ್ಯೂರೋದ್ದು. ಬಾವಿಬಾಯಿ, ಸುರಂಗಗಳ ಸುರಕ್ಷತೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಗುತ್ತಿಗೆ ಮತ್ತು ರಾಜಧನ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯದ್ದು. ನೀರು, ಗಾಳಿಯ ಮಾಲಿನ್ಯ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಬಸಿನೀರಿನ ವಿಷಯದಲ್ಲಿ ಹರಿತವಾದ ಆಯುಧ 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ. ಅದರ ವ್ಯಾಖ್ಯೆಯಂತೆ ‘ತೊರೆ’ ಎಂಬ ಮಾತಿನಲ್ಲಿ ಸದ್ಯಕ್ಕೆ ಒಣಗಿರುವ ಹಳ್ಳವೂ ಅಂತರ್ಜಲವೂ ಸೇರುತ್ತವೆ. ಆದ್ದರಿಂದ ಒಣ ಹಳ್ಳಕ್ಕೆ ದಿಬ್ಬದ ಮಣ್ಣು ಇಳಿದರೂ ಕಾಯ್ದೆ ಅನ್ವಯಿಸುತ್ತದೆ. 23ನೇ ಪ್ರಕರಣ ಸ್ಥಳ ಪ್ರವೇಶದ ಅಧಿಕಾರ ಕೊಡುತ್ತದೆ. ಹೊರಬೀಳುವ ನೀರಿನ ಮಾದರಿ ತೆಗೆಯುವ ವಿಧಾನ 21ನೇ ಪ್ರಕರಣದಲ್ಲಿದೆ: ಸ್ಥಳದ ಜವಾಬ್ದಾರನಿಗೆ ನೋಟಿಸು ಕೊಟ್ಟು, ಅವನೆದುರೇ ಮಾದರಿಯನ್ನು ಎರಡು ಪಾಲು ಮಾಡಿ, ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ವಿಧಿ ತಪ್ಪಿದರೆ ಪ್ರಯೋಗಾಲಯದ ಅಂಕಿ ಎಷ್ಟೇ ಭಯಾನಕವಾಗಿದ್ದರೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಪಾಳುಗಣಿಯಲ್ಲಿ ಸಹಿ ಮಾಡಲು ಯಾರೂ ಸಿಗದಿರುವುದೇ ಸಾಮಾನ್ಯ. ಹಾಗಾಗಿ ಗುತ್ತಿಗೆದಾರನ ದಾಖಲೆಯ ವಿಳಾಸಕ್ಕೆ ಮೊದಲೇ ನೋಟಿಸು ಕಳಿಸಿ, ಗೈರುಹಾಜರಿಯನ್ನು ಮಹಜರಿನಲ್ಲಿ ಬರೆಯಬೇಕಾಗುತ್ತದೆ.

ಅಳತೆಗೋಲಿನ ಆಯ್ಕೆಯಲ್ಲೂ ಎಚ್ಚರ ಬೇಕು. ಹಳ್ಳಕ್ಕೆ ಬಿಡುವ ತ್ಯಾಜ್ಯನೀರಿಗೆ 1986ರ ಪರಿಸರ ಸಂರಕ್ಷಣಾ ನಿಯಮಗಳ ಮಿತಿ ಕ್ರೋಮಿಯಂ-6ಕ್ಕೆ ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂಗೆ 2 ಮಿಲಿಗ್ರಾಂ. ಎರಡನೆಯದು ಕುಡಿಯುವ ನೀರಿನ ಮಿತಿಯ ನಲವತ್ತು ಪಟ್ಟು. ಕಾರ್ಖಾನೆಯ ಕೊಳವೆ ತುಂಬಿ ಹರಿಯುವ ನದಿಗೆ ಸೇರುವಾಗ ನೀರು ಬೆರೆತು ವಿಷ ತೆಳುವಾದೀತು ಎಂಬ ಎಣಿಕೆ ಆ ಮಿತಿಯ ಹಿಂದಿದೆ. ಒಣ ಸೀಮೆಯ ಹಳ್ಳದಲ್ಲಿ ಬೆರೆಯಲು ಬೇರೆ ನೀರೇ ಇರುವುದಿಲ್ಲ. ಬಂದದ್ದು ಹಾಗೆಯೇ ಕೆರೆಗೆ, ಅಲ್ಲಿಂದ ಇಂಗಿ ಬೋರ್‌ವೆಲ್ಲಿಗೆ. ಇಂಥ ಕಡೆ ಹಳ್ಳದ ನೀರನ್ನು ತ್ಯಾಜ್ಯನೀರಿನ ಮಿತಿಗೂ ಬಾವಿಯ ನೀರನ್ನು ಕುಡಿಯುವ ನೀರಿನ ಮಿತಿಗೂ ಹೋಲಿಸಿ, ಎರಡೂ ಅಂಕಿಗಳನ್ನು ವರದಿಯಲ್ಲಿ ಅಕ್ಕಪಕ್ಕ ಇಡುವುದೇ ನ್ಯಾಯ.

ಗಣಿ ಮುಚ್ಚುವ ಯೋಜನೆ ಕಡ್ಡಾಯವಾದದ್ದು 2003ರ ಏಪ್ರಿಲ್‌ನಲ್ಲಿ. ಆಗ ದೊಡ್ಡ ಗಣಿಗಳಿಗೆ ಹೆಕ್ಟೇರಿಗೆ 25,000 ರೂಪಾಯಿ ಇದ್ದ ಆರ್ಥಿಕ ಖಾತರಿಯನ್ನು 2017ರ ನಿಯಮಗಳು 3 ಲಕ್ಷಕ್ಕೆ ಏರಿಸಿದವು. 2003ಕ್ಕೂ ಮೊದಲೇ ಬಿಟ್ಟುಹೋದ ಗುಂಡಿಗಳಿಗೆ ಇಂಥ ಇಡುಗಂಟು ಇಲ್ಲ.

ಆಕ್ಷೇಪಗಳು ಮತ್ತು ಉತ್ತರ

ಈ ತಪಾಸಣೆಗೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದು: ಈ ನೆಲದ ಮಣ್ಣಿನಲ್ಲೇ ಕ್ರೋಮಿಯಂ ಇದೆ, ಗಣಿ ತೋಡದಿದ್ದರೂ ನೀರಿನಲ್ಲಿ ಬರುತ್ತಿತ್ತು, ಹಾಗಿರುವಾಗ ಗಣಿಯ ಮೇಲೆ ತಪ್ಪು ಹೊರಿಸುವುದು ಹೇಗೆ? ಸರ್ಪೆಂಟಿನೈಟ್ ನೆಲದ ಬಾವಿಯಲ್ಲಿ ಗಣಿಯಿಲ್ಲದೆಯೂ ಕ್ರೋಮಿಯಂ-6 ಬರಬಹುದೆಂಬುದು ನಿಜ. ಜಗತ್ತಿನ ಹಲವೆಡೆ ಇದು ಕಂಡಿದೆ. ಆದ್ದರಿಂದ ದಿಬ್ಬದ ಕೆಳಗಿನ ಒಂದು ಬಾವಿಯ ಅಂಕಿ ಹಿಡಿದು ಗಣಿಯನ್ನು ದೂರುವುದು ಸರಿಯಲ್ಲ. ಉತ್ತರ ಇರುವುದು ಹೋಲಿಕೆಯಲ್ಲಿ. ಮಾದರಿಗಳನ್ನು ಮೂರು ಬಗೆಯ ಜಾಗದಿಂದ ತರಬೇಕು: ನೈಸ್ ನೆಲದ ಬಾವಿ, ಗಣಿ ಮುಟ್ಟದ ಸರ್ಪೆಂಟಿನೈಟ್ ನೆಲದ ಬಾವಿ, ದಿಬ್ಬ ಅಥವಾ ಗುಂಡಿಯ ಇಳಿಜಾರಿನಲ್ಲಿರುವ ಬಾವಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ ಪ್ರಕೃತಿಯದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಗಣಿಯದು. ಪಟ್ಟಿಯ ಅಗಲ 2 ಕಿ.ಮೀ. ಒಳಗೇ ಇರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಅರ್ಧ ದಿನದ ನಡಿಗೆಯಲ್ಲಿ ಮೂರೂ ಸಿಗುತ್ತವೆ. ಸಿಡಿಮದ್ದಿನ ಗುರುತೆಂದು ನೀರಿನ ನೈಟ್ರೇಟ್ ಅನ್ನೂ ಅಳೆಯಬಹುದು, ಆದರೆ ಅದೊಂದನ್ನೇ ನಂಬಿದರೆ ಮೋಸ ಹೋಗಬೇಕಾಗುತ್ತದೆ. ಅದು ಸಿಡಿಮದ್ದಿನಿಂದಲೂ ಬರಬಹುದು, ಗೊಬ್ಬರದಿಂದಲೂ ಕೊಟ್ಟಿಗೆಯಿಂದಲೂ ಬರಬಹುದು. ಇನ್ನೂ ಒಂದು ಮಾತು: ಕ್ರೋಮಿಯಂ ಪ್ರಕೃತಿಯದ್ದೇ ಎಂದು ಸಾಬೀತಾದರೂ ಆ ಬಾವಿಯ ನೀರು ಕುಡಿಯಲು ಯೋಗ್ಯವಾಗುವುದಿಲ್ಲ. ಹೊಣೆ ಬದಲಾಗುತ್ತದೆ, ಅಪಾಯ ಬದಲಾಗದು.

ಎರಡನೆಯದು, ಕಾನೂನಿಗಿಂತ ಹಳೆಯ ಗಣಿಗೆ ಇಂದು ಯಾರನ್ನು ಹೊಣೆ ಮಾಡುವುದು ಎಂಬುದು. ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ರಾಜಸ್ಥಾನದ ಬಿಚಡಿ ಗ್ರಾಮದ ಪ್ರಕರಣದಲ್ಲಿ, ಅದೇ ವರ್ಷ ವೆಲ್ಲೂರಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ, ಮಾಲಿನ್ಯ ಮಾಡಿದವನೇ ಅದನ್ನು ಸರಿಪಡಿಸುವ ಖರ್ಚನ್ನೂ ಭರಿಸಬೇಕೆಂಬ ತತ್ತ್ವವನ್ನು ನೆಲೆಗೊಳಿಸಿತು. ಬಿಚಡಿಯಲ್ಲಿ ಕಾರ್ಖಾನೆ ಮುಚ್ಚಿದ್ದರೂ ಅದರ ಕೆಸರು ಬಾವಿಗಳನ್ನು ಕೆಡಿಸುತ್ತಲೇ ಇತ್ತು. ಪಾಳುಗಣಿಯ ಸ್ಥಿತಿ ಅದಕ್ಕೆ ತೀರಾ ಹತ್ತಿರ. ಬಸಿನೀರು ಇವತ್ತೂ ಹರಿಯುತ್ತಿದ್ದರೆ ಉಲ್ಲಂಘನೆ ಇವತ್ತಿನದೇ. ಗುತ್ತಿಗೆದಾರನೇ ಇಲ್ಲವಾದ ಕಡೆ ಭೂಮಿ ಮತ್ತು ಖನಿಜದ ಒಡೆತನವಿರುವ ಸರ್ಕಾರದ ಮೇಲೆ ಆ ಹೊರೆ ಬೀಳುವುದು ಸಹಜ.

ಸಣ್ಣ ಗಣಿಗಳಿಗೆ ಇಷ್ಟು ಖರ್ಚು ಏಕೆ ಎಂಬ ಮೂರನೆಯ ಮಾತಿಗೆ ಉತ್ತರ ಸುಲಭ. ಸ್ಥಳದಲ್ಲೇ ಬಣ್ಣ ನೋಡಿ ಹೇಳುವ ಅಗ್ಗದ ಪರೀಕ್ಷಾ ಕಿಟ್ಟುಗಳಿಂದ ಮೊದಲ ಸುತ್ತು ಮುಗಿಸಿ, ಸಂಶಯ ಬಂದ ಬಾವಿಗಳನ್ನಷ್ಟೇ ಪ್ರಯೋಗಾಲಯಕ್ಕೆ ಕಳಿಸಬಹುದು.

ದುರಸ್ತಿ

ಕ್ರೋಮಿಯಂ-6 ಅನ್ನು ಮರಳಿ ಕ್ರೋಮಿಯಂ-3 ಮಾಡುವುದು ಕಷ್ಟದ ವಿದ್ಯೆಯಲ್ಲ. ಗುಂಡಿಯ ನೀರನ್ನು ಹೊಂಡಕ್ಕೆ ಎತ್ತಿ ಫೆರಸ್ ಸಲ್ಫೇಟ್ ಬೆರೆಸಿದರೆ ಕ್ರೋಮಿಯಂ ಗಸಿಯಾಗಿ ತಳಕ್ಕೆ ಕೂರುತ್ತದೆ. ಸುಕಿಂದಾದ ಗಣಿಗಳಲ್ಲಿ ಈ ಕ್ರಮ ಬಳಕೆಯಲ್ಲಿದೆ. ಕೊಟ್ಟಿಗೆ ಗೊಬ್ಬರದಂಥ ಜೈವಿಕ ಪದಾರ್ಥಕ್ಕೂ ಈ ಶಕ್ತಿಯಿದೆ. ಆದರೆ ಕೂತ ಗಸಿಯನ್ನು ಮ್ಯಾಂಗನೀಸ್ ಇರುವ ಮಣ್ಣಿನ ಮೇಲೆ ಹಾಗೇ ಬಿಟ್ಟರೆ ಅದು ಕಾಲಕ್ರಮದಲ್ಲಿ ಮತ್ತೆ ಕ್ರೋಮಿಯಂ-6 ಆಗಬಹುದು. ಗಸಿಯನ್ನು ತೆಗೆದು ಭದ್ರವಾದ ಕಡೆ ಹೂಳುವುದು ಅದಕ್ಕೇ ಅಗತ್ಯ. ನೀರನ್ನು ಶುದ್ಧ ಮಾಡುತ್ತ ಕೂರುವುದಕ್ಕಿಂತ, ದಿಬ್ಬಕ್ಕೆ ನೀರು ಹೋಗದಂತೆ ತಡೆಯುವುದು ಹೆಚ್ಚು ಬಾಳಿಕೆಯ ಕೆಲಸ: ಇಳಿಜಾರನ್ನು ಮೆಟ್ಟಿಲು ಮಾಡುವುದು, ಒಳ್ಳೆಯ ಮಣ್ಣಿನ ಹೊದಿಕೆ, ಬುಡದಲ್ಲಿ ಲಾವಂಚ, ಮೇಲೆ ಹೊಂಗೆ. ಸರ್ಪೆಂಟಿನೈಟ್ ಮಣ್ಣಿನಲ್ಲಿ ಮೆಗ್ನೀಸಿಯಂ ಮತ್ತು ನಿಕ್ಕಲ್ ಹೆಚ್ಚು, ಸುಣ್ಣದ ಅಂಶ ಕಡಿಮೆ. ಹೊದಿಕೆ ಹಾಕದೆ ನೇರ ನೆಟ್ಟ ಸಸಿ ನಿಲ್ಲುವುದು ಕಷ್ಟ. ‘ಗಿಡ ನೆಡಲಾಗಿದೆ’ ಎಂಬ ವರದಿಯ ಸಾಲನ್ನು ಎರಡು ಬೇಸಿಗೆ ಕಳೆದ ಮೇಲೆ ಉಳಿದ ಗಿಡಗಳನ್ನು ಎಣಿಸಿಯೇ ಒಪ್ಪಬೇಕು.

ಈಗಿನ ಸ್ಥಿತಿ

ಕರ್ನಾಟಕದಲ್ಲಿ ಗಣಿ ಹಾಳುಗೆಡವಿದ ನೆಲ ಸುದ್ದಿಯಾದದ್ದು ದೊಡ್ಡ ಹೆಸರುಗಳಿಂದ. 2001ರ ಫೆಬ್ರುವರಿ 28ರಂದು ಮುಚ್ಚಿದ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು, 2005ರ ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನಿಂತ ಕುದುರೆಮುಖ ಮತ್ತು ಅದರ ಲಕ್ಯಾ ಅಣೆಕಟ್ಟಿನ ಹೂಳು, ಬಳ್ಳಾರಿಯ ಕಬ್ಬಿಣ ಗಣಿಗಳು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿಯ ನೆರವಿನಿಂದ ಗುತ್ತಿಗೆಗಳನ್ನು ಒಂದೊಂದಾಗಿ ಅಳೆದು, ಉಲ್ಲಂಘನೆಯ ತೂಕಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಪುನಶ್ಚೇತನ ಯೋಜನೆ ಜಾರಿಯಾದ ಮೇಲಷ್ಟೇ ಕೆಲಸ ಶುರು ಮಾಡಲು ಬಿಟ್ಟದ್ದು ದೇಶದಲ್ಲೇ ಅಪರೂಪದ ತಪಾಸಣೆ. ಆ ಕ್ರಮವನ್ನು ಸಣ್ಣ ಪ್ರಮಾಣದಲ್ಲಿ ನುಗ್ಗೇಹಳ್ಳಿ ಪಟ್ಟಿಗೆ ತರಲು ಅಡ್ಡಿಯಾಗಿರುವುದು ತಂತ್ರಜ್ಞಾನದ ಕೊರತೆಯಲ್ಲ, ಹಣದ್ದು. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಬರುವುದು ರಾಜಧನದ ಜೊತೆಗೆ ಅದರ ಲೆಕ್ಕದಲ್ಲೇ ಕಟ್ಟುವ ಮೊತ್ತದಿಂದ. ನಿಂತ ಗಣಿ ರಾಜಧನ ಕೊಡುವುದಿಲ್ಲ. ಹಣ ಹುಟ್ಟುವ ಗಣಿ ಒಂದು ಕಡೆ, ನೀರು ಕೆಡುವ ಗಣಿ ಇನ್ನೊಂದು ಕಡೆ ಎಂಬಂತಾಗಿದೆ.

ಈ ನೆಲದ ಮೇಲೆ ಕಣ್ಣು ಮತ್ತೆ ಬೀಳುವ ಸಂಭವ ಹೆಚ್ಚು. 2023ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಂದ ತಿದ್ದುಪಡಿ 24 ಖನಿಜಗಳನ್ನು ನಿರ್ಣಾಯಕ ಎಂದು ಪಟ್ಟಿ ಮಾಡಿತು. ನಿಕ್ಕಲ್, ಕೋಬಾಲ್ಟ್, ವನೇಡಿಯಂ, ಟೈಟಾನಿಯಂ, ಪ್ಲಾಟಿನಂ ಗುಂಪಿನ ಲೋಹಗಳು ಅದರಲ್ಲಿವೆ. ಮೆಗ್ನೀಸಿಯಂ ಶಿಲೆಗಳ ಪಟ್ಟಿಗಳಲ್ಲಿ ಹುಡುಕುವುದು ಇವನ್ನೇ. ಹಳೆಯ ದಿಬ್ಬಗಳನ್ನೇ ಮತ್ತೆ ಅರೆದು ಲೋಹ ತೆಗೆಯುವ ಯೋಜನೆಗಳೂ ಬರಬಹುದು. ಹೊಸ ಗುದ್ದಲಿ ಬಿದ್ದ ದಿನದಿಂದ ಹಳೆಯ ಮಾಲಿನ್ಯ ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸುವುದು ಅಸಾಧ್ಯವಾಗುತ್ತದೆ. ಆದ್ದರಿಂದ ತಗಡೂರಿನಿಂದ ಜಂಬೂರಿನವರೆಗೆ ಗುಂಡಿಗಳ ಸುತ್ತಣ ಪ್ರತಿ ಬಾವಿ, ಪ್ರತಿ ಬೋರ್‌ವೆಲ್‌ನ ನೀರಿನ ಮಟ್ಟ, ಪಿಎಚ್, ಒಟ್ಟು ಕ್ರೋಮಿಯಂ, ಕ್ರೋಮಿಯಂ-6, ನಿಕ್ಕಲ್ ಇವನ್ನು ಒಂದು ಮುಂಗಾರಿನಿಂದ ಇನ್ನೊಂದು ಮುಂಗಾರಿನವರೆಗೆ ಅಳೆದು, ಸರ್ವೆ ನಂಬರ್ ಸಹಿತ ಗ್ರಾಮ ಪಂಚಾಯಿತಿಯ ದಾಖಲೆಯಲ್ಲಿ ಸೇರಿಸುವ ಕೆಲಸ ಮೊದಲ ಗುತ್ತಿಗೆಗೆ ಸಹಿ ಬೀಳುವ ಮುಂಚೆ ಮುಗಿದಿರಬೇಕು.